ಹಸಿ ಇದೆ, ಮುಟ್ಬೇಡ

…ಆ ಸ್ಟೂಲ್ ಬೇಡ ಅಕ್ಕ, ಅದರ ಒಂದು ಕಾಲು ಕುಂಟು. ಈ ಕುರ್ಚಿಗೆ ಬಾ. ಇರು, ಡಬ್ಬ ತೆಗೀತೀನಿ… ಹಾಂ, ಈಗ ಕೂತ್ಕೋ. ಫ್ಯಾನ್ ಮಾತ್ರ ಕೇಳ್ಬೇಡ. ಹಾಕಿದ್ರೆ ಧೂಳು ಹಾರುತ್ತೆ. ಇಲ್ಲಿ ನಾವು ಧೂಳನ್ನೂ ಜರಡಿ ಹಿಡಿದು, ಪೊಟ್ಟಣ ಕಟ್ಟಿ, ಹೆಸರು ಬರೆದು ಇಡೋ ಜನ. ನೀರು ಕುಡೀತೀಯಾ? ಬೇಡ್ವಾ? ಅದೇನು ಓಡಿ ಬಂದ್ಯಾ, ಅಳತೆ ಟೇಪು ಕೊರಳಲ್ಲೇ ನೇತಾಡ್ತಿದೆ! ಅಂಗಡೀನ ಹಾಗೇ ಬಿಟ್ಟು ಬಂದ್ಯಾ? ಗಿರಾಕಿಗಳು ಬಾಗಿಲು ಬಡೀತಿರ್ತಾರೆ ಈಗ.

ಏ, ಏ! ಅದನ್ನ ಮುಟ್ಬೇಡ! ಹಸಿ ಇದೆ.

ಬೈದಿದ್ದಲ್ಲ ಅಕ್ಕ… ಹಾಗೆ ನೋಡ್ಬೇಡ. ಗವಿಯಿಂದ ಬಂದ ಮೂಳೆ ಅಂದ್ರೆ ಟೀಲಿ ನೆನೆದ ಬಿಸ್ಕತ್ತು ಇದ್ದ ಹಾಗೆ. ಒಣಗೋಕೆ ಮುಂಚೆ ಬೆರಳು ತಾಗಿದ್ರೆ ಪುಡಿ. ಅದಕ್ಕೇ ಬಟ್ಟೆ ಮುಚ್ಚಿಟ್ಟಿದ್ದೀನಿ. ಅಗೆತ ಮಾಡಿಸಿದ್ರಲ್ಲ ನಮ್ಮ ಮೇಷ್ಟ್ರು, ಅವರಿಗೂ ಅದನ್ನೇ ಹೇಳಿದ್ದೀನಿ, ಹಸಿ ಇದೆ, ಒಣಗಲಿ ಅಂತ. ಆ ಟ್ರೇ ಆಮೇಲೆ ನೋಡೋಣ. ಮೊದಲು ಈ ಕಡೆ ತಿರುಗು.

ಪೇಪರ್ ನೋಡಿ ಬಂದದ್ದು ತಾನೇ? ಕೈಯಲ್ಲೇ ಇದೆ… ಹೀಗಾ ಮುದ್ದೆ ಮಾಡೋದು! ಕೊಡಿಲ್ಲಿ. ಕೊಡಲ್ವಾ? ಸರಿ, ನೀನೇ ಇಟ್ಕೋ. ಫೋಟೋ ಚೆನ್ನಾಗಿ ಬಂದಿದೆ ಅಲ್ವಾ? ಆ ಮೂಲೇಲಿ ಕಾಣ್ತಿರೋ ಅರ್ಧ ಕಿವಿ ನಂದು. ಇಷ್ಟು ವರ್ಷ ಮೂಳೆ ತೊಳೆದದ್ದಕ್ಕೆ ಪೇಪರಿನವರು ನನಗೆ ಕೊಟ್ಟದ್ದು ಅರ್ಧ ಕಿವಿ!

ಈ ಮಾತಿಗೆ ನೀನು ನಗಬೇಕಿತ್ತು. ಮನೆಗೆ ಬಂದೋರ ಮುಂದೆಲ್ಲಾ ನೀನೇ ಅಲ್ವಾ ಹೇಳ್ತಿದ್ದದ್ದು, ‘ನನ್ನ ತಮ್ಮನಿಗೆ ತುಂಬ ಹಳೇ ಹಳೇ ಮನೆತನದವರ ಪರಿಚಯ ಇದೆ, ಆದ್ರೆ ಒಬ್ಬರೂ ಮಾತಾಡ್ಸಲ್ಲ’ ಅಂತ? ನಾನಿಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನವೂ ಈ ಮೆಟ್ಟಿಲು ಹತ್ತಿದವಳಲ್ಲ. ಮ್ಯೂಸಿಯಮ್ಮಿನ ಮುಂಬಾಗಿಲಿಗೇ ಬರದವಳು ಇವತ್ತು ವಾಚ್‌ಮನ್ನಿಗೂ ಹೇಳದೆ ಹಿಂಬಾಗಿಲಿಂದ ಬಂದಿದ್ದೀಯ. ಪರವಾಗಿಲ್ಲ ಬಿಡು. ಬಂದ್ಯಲ್ಲ, ನನಗೆ ಖುಷಿನೇ.

ಬಾ, ಅಜ್ಜಿನ ನೋಡು. ಇವಳಿಗೆ ನಾವಿಲ್ಲಿ ಅಜ್ಜಿ ಅಂತೀವಿ. ಹತ್ತಿರ ಹತ್ತಿರ ಹತ್ತು ಸಾವಿರ ವರ್ಷ. ಹೂಂ, ಹತ್ತು ಸಾವಿರ. ‘ನಿನಗೆ ಹೇಗೋ ಗೊತ್ತು, ಅವಳೇನು ಬರೆದಿಟ್ಟು ಹೋದ್ಲಾ’ ಅಂತ ಕೇಳು ನೋಡೋಣ. ಬೇರೆಯವರೆಲ್ಲ ಮೊದಲು ಅದನ್ನೇ ಕೇಳೋದು. ಕೇಳಲ್ವಾ? ಸರಿ, ಕೇಳದೇನೆ ಹೇಳ್ತೀನಿ.

ಬರೆದಿಟ್ಟು ಹೋಗೋಕೆ ಆಗ ಅಕ್ಷರ ಅನ್ನೋದೇ ಹುಟ್ಟಿರ್ಲಿಲ್ಲ. ಅವಳು ಬಿಟ್ಟು ಹೋದದ್ದು ಇಷ್ಟೇ, ಈ ಟ್ರೇಲಿರೋದು. ನಾವು ಮೊದಲು ನೋಡೋದು ಎಲ್ಲಿ ಮಲಗಿದ್ಲು ಅನ್ನೋದನ್ನ. ನಿನ್ನ ಮಷಿನ್ ಕೆಳಗೆ ಚಿಂದಿ ಬೀಳುತ್ತಲ್ಲ? ಬೆಳಗ್ಗೆ ನೀಲಿ ಬಟ್ಟೆ ಹೊಲಿದಿರ್ತೀಯ, ಮಧ್ಯಾಹ್ನ ಬಿಳಿ. ಸಾಯಂಕಾಲ ಗುಡಿಸೋಕೆ ಬಗ್ಗಿದ್ರೆ ತಳದಲ್ಲಿ ನೀಲಿ, ಮೇಲೆ ಬಿಳಿ. ನೀನು ಹೊಲಿದದ್ದನ್ನ ನಾನು ನೋಡಿಲ್ಲದಿದ್ರೂ ಹೇಳ್ಬಹುದು, ನೀಲಿ ಮೊದಲು ಅಂತ. ಮಣ್ಣೂ ಹಾಗೇ, ಪದರದ ಮೇಲೆ ಪದರ ಬೀಳುತ್ತೆ, ತಳದಲ್ಲಿರೋದು ಹಳೇದು. ಆದ್ರೆ ಒಂದು… ಇಲಿ ಗಿಲಿ ತೂತು ಕೊರೆದ್ರೆ ಇವತ್ತಿನ ಚಿಂದಿನೂ ತಳಕ್ಕೆ ಜಾರಿಬಿಡುತ್ತೆ. ಆಗ ಲೆಕ್ಕ ಎಲ್ಲಾ… ಅದು ಬೇರೆ ವಿಷಯ ಬಿಡು. ಅದನ್ನ ಯಾಕೆ ಹೇಳಿದೆ ನಾನು!

ಇಲ್ಲಿ ನೋಡು, ತೊಡೆ ಮೂಳೇಲಿ ಸಣ್ಣ ತೂತು. ಅದು ನಾನೇ ಕೊರೆದದ್ದು, ಒಂದು ಚಿಟಿಕೆ ಪುಡಿಗೋಸ್ಕರ. ಬದುಕಿರೋ ಮೈಯೊಳಗೆ ಒಂಥರಾ ಇಂಗಾಲ ಸೇರ್ತಾನೇ ಇರುತ್ತೆ. ಉಸಿರು ನಿಂತ ದಿನದಿಂದ ಅದು ನಿಧಾನಕ್ಕೆ ಸವೀತಾ ಹೋಗುತ್ತೆ. ಎಷ್ಟು ಉಳಿದಿದೆ ಅಂತ ಅಳೆದ್ರೆ ಎಷ್ಟು ಹಿಂದೆ ಹೋದವಳು ಅಂತ ಹೇಳ್ಬಹುದು. ಇದರದ್ದು ಅಳೆದು ಬಂದಿದೆ. ಇವಳ ವಿಷಯದಲ್ಲಿ ಸಂಶಯವೇ ಇಲ್ಲ, ಅಜ್ಜಿ ಅಜ್ಜೀನೇ.

ಮತ್ತೆ… ಇವಳ ದವಡೆ ನೋಡು ಅಕ್ಕ. ನನಗೆ ಇವಳಲ್ಲಿ ತುಂಬ ಇಷ್ಟ ಆಗೋದು ಇದು. ಒಂದೂ ಹಲ್ಲಿಲ್ಲ. ಸತ್ತ ಮೇಲೆ ಉದುರಿದ್ದಲ್ಲ. ಹಾಗಾಗಿದ್ರೆ ಗುಳಿ ಇರ್ತಿತ್ತು. ಇಲ್ಲಿ ಗುಳಿ ಎಲ್ಲಾ ಮುಚ್ಚಿ ಮೂಳೆ ನುಣ್ಣಗಾಗಿದೆ. ಅಂದ್ರೆ ಹಲ್ಲೆಲ್ಲಾ ಹೋದ ಮೇಲೂ ವರ್ಷಗಟ್ಟಲೆ ಬದುಕಿದ್ಲು. ಹೇಗೆ? ಆ ಕಾಲದಲ್ಲಿ ತಿನ್ನೋಕೆ ಇದ್ದದ್ದು ಏನು? ಗಡ್ಡೆ, ಬೀಜ, ಸುಟ್ಟ ಮಾಂಸ. ಹಲ್ಲಿಲ್ಲದವಳಿಗೆ ಯಾರೋ ಕುಟ್ಟಿ ಕೊಟ್ಟಿರ್ಬೇಕು. ಅಗಿದು ಕೊಟ್ಟಿರ್ಬೇಕು. ದಿನಾ! ಬೇಟೆ ಸಿಕ್ಕಿದ ದಿನವೂ, ಸಿಗದ ದಿನವೂ. ಪ್ರೀತಿ ಅನ್ನೋದು ಮೂಳೇಲಿ ಕಾಣಲ್ಲ ಅಂತಾರೆ. ನಾನು ಕಂಡಿದ್ದೀನಿ, ಈ ದವಡೇಲಿ. ಮೊದಲ ಸಲ ನೋಡಿದ ದಿನ ಮನೆಗೆ ಬಂದು ಅಮ್ಮನ ಫೋಟೋ ಮುಂದೆ ಸುಮ್ಮನೆ ಕೂತಿದ್ದೆ.

ಪಾದದ ಕೀಲು ನೋಡು, ಸವೆದಿದೆ. ಕುಕ್ಕರಗಾಲಲ್ಲಿ ಕೂತು ಕೂತು ಆಗೋದು. ಒಲೆ ಮುಂದೆ ಕೂತಿರ್ಬೇಕು. ಬಲಗೈ ಮೂಳೆ ಎಡಗೈಗಿಂತ ದಪ್ಪ, ಅಂದ್ರೆ ಕಲ್ಲಿನಲ್ಲಿ ಅರೆದೂ ಅರೆದೂ… ನಿನ್ನ ಬಲ ಭುಜ ಎಡಕ್ಕಿಂತ ಇಳಿದಿದೆಯಲ್ಲ, ಕತ್ತರಿ ಹಿಡಿದು? ಹಾಗೆ. ಮೈ ಮಾಡಿದ ಕೆಲಸ ಮೂಳೇಲಿ ನಿಲ್ಲುತ್ತೆ. ಇಷ್ಟೇ ನಮ್ಮ ವಿದ್ಯೆ. ಯಾರೂ ಹೇಳದೇ ಇದ್ದದ್ದನ್ನ ಸವೆತ ನೋಡಿ ತಿಳ್ಕೊಳ್ಳೋದು.

ಏನದು, ಏನು ತೋರಿಸ್ತಿದ್ದೀಯ? ಪೇಪರಿನಲ್ಲಿ… ಹೂಂ. ಹೆಡ್ಡಿಂಗಾ? ‘ಹತ್ತು ಸಾವಿರ ವರ್ಷದಿಂದ ಮಗನನ್ನು ತಬ್ಬಿ ಮಲಗಿದ ತಾಯಿ.’ ಅಯ್ಯೋ, ಆ ಮಾತು ನಂದೇ ಮಾರಾಯ್ತಿ. ನಾನೇ ಹೇಳಿ ಕೆಟ್ಟೆ. ಗವಿಯಲ್ಲಿ ಬ್ರಷ್ ಹಿಡಿದು ಬಗ್ಗಿದವನು ನಾನು. ಅಜ್ಜಿ ಒಂದು ಮಗ್ಗುಲಿಗೆ ಮಲಗಿದ್ಲು, ಮೊಣಕಾಲು ಮಡಚಿ, ಒಂದು ಕೈ ಮುಂದೆ ಚಾಚಿ. ಆ ಕೈ ಬಳಸಿನಲ್ಲಿ, ಹೊಟ್ಟೆಗೆ ಒತ್ತಿಕೊಂಡ ಹಾಗೆ, ಇನ್ನೊಂದು ತಲೆ ಕಾಣಿಸ್ತು. ಹರೆಯದವನ ತಲೆ. ನನಗೆ ಕಣ್ಣಲ್ಲಿ ನೀರು ಬಂತು, ‘ಸಾರ್, ತಾಯಿ ಮಗ’ ಅಂದುಬಿಟ್ಟೆ. ಮೇಷ್ಟ್ರು ಪೇಪರಿನವರಿಗೆ ಹೇಳಿದ್ರು. ಮಣ್ಣು ಬೇರೆ ಕೆಂಪು. ಆ ಗವಿ ಮಣ್ಣು ಯಾವುದನ್ನ ಮುಟ್ಟಿದ್ರೂ ಒಂದೇ ಬಣ್ಣ ಮಾಡುತ್ತೆ, ನಿನ್ನೆ ಬಿದ್ದದ್ದಕ್ಕೂ ಅದೇ ಕೆಂಪು, ಯಾವತ್ತೋ ಬಿದ್ದದ್ದಕ್ಕೂ ಅದೇ ಕೆಂಪು.

ಅಂದ್ರೆ… ಮಾತಿಗೆ ಹೇಳಿದೆ. ಅವನೂ ಹಳಬನೇ. ಹಳಬನಲ್ದೆ ಮತ್ತೆ? ಹೂಂ.

ಅವನದ್ದರಲ್ಲಿ ತೂತು ಇದೆಯಾ ಅಂತ ಬಟ್ಟೆ ಕಡೆ ನೋಡ್ತಿದ್ದೀಯಾ? ಇಲ್ಲ, ಇನ್ನೂ ಕೊರೆದಿಲ್ಲ. ಮೇಷ್ಟ್ರು ಬೆಳಗ್ಗೆ ಕೂಡ ಕೇಳಿದ್ರು, ಪುಡಿ ಕಳಿಸಿದ್ಯೇನಯ್ಯಾ ಅಂತ. ಹಸಿ ಇದೆ ಸಾರ್ ಅಂದೆ. ಡ್ರಿಲ್ ಕೈಗೆ ತಗೊಂಡಿದ್ದೆ, ಇಟ್ಟುಬಿಟ್ಟೆ. ಅದರ ಮೊನೆ ಮೊಂಡಾಗಿದೆ. ಹೊಸದು ತರಿಸ್ಬೇಕು.

ಇರು, ನಿನಗೊಂದು ತಮಾಷೆ ತೋರಿಸ್ತೀನಿ. ಈ ಡಬ್ಬೀಲಿರೋದು ಅದೇ ಗವಿಯಲ್ಲಿ ಸಿಕ್ಕ ಬಿಡಿ ಹಲ್ಲುಗಳು, ಅಜ್ಜಿ ಕಡೆಯವರದ್ದು. ಅಂಗೈಲಿ ಹಿಡ್ಕೋ, ಇವು ಒಣಗಿವೆ, ಮುಟ್ಬಹುದು. ನೋಡು, ನೆತ್ತಿ ಎಲ್ಲಾ ಚಪ್ಪಟೆ! ಉಜ್ಜಿದ ಹಾಗೆ. ಕಲ್ಲಿನಲ್ಲಿ ಅರೆದದ್ದು ತಿಂತಿದ್ರಲ್ಲ, ಹಿಟ್ಟಿನ ಜೊತೆ ಕಲ್ಲಿನ ಪುಡೀನೂ ಹೊಟ್ಟೆಗೆ ಹೋಗೋದು. ಇಪ್ಪತ್ತು ತುಂಬೋದ್ರೊಳಗೆ ಹಲ್ಲು ಹೀಗಾಗಿಬಿಡ್ತಿತ್ತು. ಒಬ್ಬರನ್ನೂ ಬಿಡ್ತಿರ್ಲಿಲ್ಲ. ನಮ್ಮ ಹಾಗೆ ಚೂಪು ಹಲ್ಲಿರೋ ಹರೆಯದವರು ಆ ಕಾಲದಲ್ಲಿ…

ಯಾಕೆ, ಮತ್ತೆ ಯಾಕೆ ಪೇಪರ್ ಬಿಡಿಸ್ತಿದ್ದೀಯ? ಆ ಫೋಟೋ… ಹೂಂ, ಅವನ ಹಲ್ಲೇ ಅದು. ಅದು ಫ್ಲ್ಯಾಶಿಗೆ ಹಾಗೆ ಕಾಣ್ಸುತ್ತೆ ಅಕ್ಕ. ಬೆಳಕು ಬಿದ್ರೆ ಎಲ್ಲಾ ಚೂಪಾಗೇ ಕಾಣುತ್ತೆ. ಪೇಪರಿನ ಅಚ್ಚು ನಂಬಬೇಡ.

ಕೆಳಗೆ ಬರೆದದ್ದನ್ನ ಓದ್ಬೇಡ. ನನಗೆ ಗೊತ್ತು ಏನು ಬರೆದಿದ್ದಾರೆ ಅಂತ. ಆ ಮುಂದಿನ ಹಲ್ಲಿನ ಅಂಚಲ್ಲಿ ಸಣ್ಣ ಕಚ್ಚು ಇದೆ, ದಾರ ಕೂತ ಹಾಗೆ. ಅದನ್ನ ನೋಡಿ ಮೇಷ್ಟ್ರು ಗವಿಯೊಳಗೇ ಕುಣಿದುಬಿಟ್ರು. ‘ನಾರು ಕಚ್ಚಿ ಎಳೆದು ಎಳೆದು ಆಗಿರೋದು ಕಣಯ್ಯಾ! ಆ ಕಾಲಕ್ಕೇ ಹೊಲಿಗೆ ಗೊತ್ತಿತ್ತು ಇವರಿಗೆ!’ ಅಂತ. ಕಚ್ಚು ನೋಡೋ ಸಂಭ್ರಮದಲ್ಲಿ ಅವರು ಉಳಿದ ಹಲ್ಲು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಹಿಂದಿನ ಹಲ್ಲಿಗೆಲ್ಲ ಮಣ್ಣು ಮೆತ್ತಿತ್ತು… ಪಾಪ, ಅವರು ತಪ್ಪು ಹೇಳಿದ್ದೂ ಅಲ್ಲ. ಹೊಲಿಯೋರ ಹಲ್ಲೇ ಅದು. ಆ ಮಟ್ಟಿಗೆ ಸರಿಯಾಗೇ ಓದಿದ್ರು.

ಅಕ್ಕ… ಬಾಯಿಗೆ ಬೆರಳು ಯಾಕೆ ಇಟ್ಕೊಂಡೆ?

ತೆಗಿ. ತೆಗಿ ಅಂದೆ. ಧೂಳು ಕೈ. ನಿನ್ನ ಹಲ್ಲಲ್ಲೂ ಇದೆ ಅಂತ ನನಗೇನು ಗೊತ್ತಿಲ್ವಾ? ಚಿಕ್ಕಂದಿನಿಂದ ನೋಡಿದ್ದೀನಿ. ಕತ್ತರಿ ಕೈಯಲ್ಲೇ ಇರುತ್ತೆ, ಆದ್ರೂ ದಾರ ಹಲ್ಲಿಗೇ ಹೋಗುತ್ತೆ. ಹೊಲಿಯೋರಿಗೆಲ್ಲಾ ಇರುತ್ತೆ ಆ ಕಚ್ಚು, ಅದೇನು ದೊಡ್ಡ ವಿಷಯ? ಊರಲ್ಲಿ ಎಷ್ಟು ಜನ ಟೈಲರ್‌ಗಳಿಲ್ಲ… ಹತ್ತು ಸಾವಿರ ವರ್ಷದ ಹಿಂದೆಯೂ ಇದ್ರು, ಮೇಷ್ಟ್ರೇ ಹೇಳಿದ್ದಾರಲ್ಲ.

ಮತ್ತೆ, ಆ ಕೋಟಿನವರು ಬಂದಿದ್ರಾ ಅಂಗಡಿಗೆ? ಮೊನ್ನೆ ಹೇಳ್ತಿದ್ದೆಯಲ್ಲ, ಭುಜ ಸರಿಯಾಗಿ ಕೂತಿಲ್ಲ ಅಂತ ತಕರಾರು ಮಾಡ್ತಾರೆ ಅಂತ. ಮನೆ ಬಾಗಿಲಿನ ಬೀಗಕ್ಕೆ ಎಣ್ಣೆ ಬಿಟ್ಯಾ? ಅಷ್ಟು ಕಿರುಗುಟ್ಟೋ ಬೀಗ ಇಡೀ ಬೀದೀಲಿ ಇನ್ನೊಂದಿಲ್ಲ. ಬದಲಾಯಿಸು ಅಂದ್ರೆ ನನ್ನ ಮೇಲೆ ಹರಿಹಾಯ್ತೀಯ. ‘ಅವನ ಹತ್ರ ಹಳೇ ಕೀ ಇರೋದು ಕಣೋ, ಬಂದಾಗ ಬಾಗಿಲು ತೆಗೀದಿದ್ರೆ?’ ಅಂತೀಯ. ನಾನು ಸುಮ್ಮನಾಗ್ತೀನಿ. ಮಗನ ಫೋನ್ ನಂಬರಿಗೆ ತಿಂಗಳು ತಿಂಗಳೂ ರೀಚಾರ್ಜ್ ಮಾಡಿಸ್ತೀಯ, ಬೇರೆಯವರ ಪಾಲಾಗದಿರಲಿ ಅಂತ. ಅದಕ್ಕೂ ಸುಮ್ಮನಾಗ್ತೀನಿ. ಮಾಡಲಿ ಬಿಡು ಅಂತ.

ಏನು ನೋಡ್ತಿದ್ದೀಯ? ಜೇಬಾ? ಏನಿಲ್ಲ, ಪೆನ್ನು. ಪೆನ್ನು ಚುಚ್ಚುತ್ತೆ, ಅದಕ್ಕೇ ಆಗಾಗ ಕೈ ಹೋಗುತ್ತೆ.

…ಅಕ್ಕ, ಒಂದು ಮಾತಾಡು. ಬೈಯಿ. ಏನಾದ್ರೂ ಅನ್ನು.

ಇಲ್ಲಿಗೆ ಬಂದಾಗಿನಿಂದ ನೀನು ಒಂದು ವಿಷಯ ಕೇಳೇ ಇಲ್ಲ. ನನಗೆ ಈಗ ಹೊಳೀತು. ಹೊಳೆಯಲ್ಲಿ ಹೆಣ ತೇಲಿ ಬಂದಾಗ ಮೊದಲು ಕೇಳಿದವಳು ನೀನು. ರೈಲು ಹಳಿ ಹತ್ರ ಯಾರೋ ಸಿಕ್ಕಾಗ ಪೊಲೀಸಿನವರು ಇನ್ನೂ ಗಾಡಿಯಿಂದ ಇಳಿದಿರ್ಲಿಲ್ಲ, ನೀನು ಕೇಳಿದ್ದೆ, ‘ಮುಂದಿನ ಹಲ್ಲು ನೋಡಿದ್ರಾ, ದಾರದ ಕಚ್ಚು ಇದೆಯಾ?’ ಅಂತ. ಆಸ್ಪತ್ರೆ ಶವಾಗಾರದ ಬಾಗಿಲಲ್ಲೂ ಅದೇ. ಇಲ್ಲ ಅಂದ ಕೂಡಲೇ ಆಚೆ ಬಂದು, ಎದುರಿನ ಕ್ಯಾಂಟೀನಿಗೆ ನುಗ್ಗಿ ಗಬಗಬ ತಿಂತಿದ್ದೆ. ನನಗೆ ನಾಚಿಕೆ ಆಗೋದು. ಆಮೇಲೆ ಅರ್ಥ ಆಯ್ತು. ಅವನಲ್ಲ ಅಂದ್ರೆ ಅವನು ಬದುಕಿದ್ದಾನೆ. ನಿನಗೆ ಆಗ ಮಾತ್ರ ಹಸಿವಾಗ್ತಿತ್ತು.

ಇವತ್ತು ಯಾಕೆ ಕೇಳ್ತಿಲ್ಲ? ಇಷ್ಟು ಹೊತ್ತಾಯ್ತು. ಯಾರೋ ಏನೋ, ಅವನಲ್ಲ ತಾನೇ ಅಂತ ಒಂದು ಸಲವಾದ್ರೂ ಕೇಳ್ಬಹುದಿತ್ತಲ್ಲ? ನಾನು ಇಲ್ಲ ಅನ್ನೋಕೆ ತಯಾರಾಗೇ ಕೂತಿದ್ದೆ. ನೀನು ಕೇಳಿದ್ರೆ ಇಲ್ಲ ಅಂತಿದ್ದೆ ಅಕ್ಕ. ಸುಳ್ಳು ಬಾಯಲ್ಲೇ ಇತ್ತು. ಕೇಳೇ ಇಲ್ವಲ್ಲ ನೀನು!

ಗೊತ್ತಾಗಿದೆ ನಿನಗೆ. ಪೇಪರ್ ನೋಡಿದಾಗ್ಲೇ ಗೊತ್ತಾಗಿದೆ. ನಾನಿಲ್ಲಿ ಅಜ್ಜಿ ಕಥೆ ಹೇಳ್ತಾ ಇದ್ದೆ, ನೀನು ಕೇಳ್ತಾ ಇದ್ದೆ… ಯಾಕೆ ಸುಮ್ಮನೆ ಕೇಳಿಸ್ಕೊಂಡೆ? ನಾನಾಗೇ ಹೇಳಲಿ ಅಂತಾನಾ? ಅಥವಾ ಹೇಳದೇ ಇರಲಿ ಅಂತಾನಾ?

ಇವತ್ತು ಯಾಕೆ ಅಳ್ತಿಲ್ಲ ನೀನು! ಅತ್ತುಬಿಡು, ನನಗೆ ಸುಲಭ ಆಗುತ್ತೆ.

ಹೇಳ್ತೀನಿ. ತಡಿ. ಒಂದು ಗುಟುಕು ನೀರು ಕುಡೀತೀನಿ.

ಮಣ್ಣು ಮೆತ್ತಿದ್ದ ಹಿಂದಿನ ಹಲ್ಲುಗಳನ್ನ ಇಲ್ಲಿ ತಂದು, ಈ ಮೇಜಿನ ಮೇಲೇ ತೊಳೆದೆ. ಮೆತ್ತನೆ ಬ್ರಷ್ಷು, ಉಗುರು ಬೆಚ್ಚಗಿನ ನೀರು. ಒಂದೊಂದೇ ಹೊರಗೆ ಬಂತು. ಎಲ್ಲಾ ಚೂಪು. ಒಂದೂ ಸವೆದಿಲ್ಲ. ಆ ಕಾಲದವನಲ್ಲ ಅಂತ ಆಗ್ಲೇ ಗೊತ್ತಾಯ್ತು. ಸರಿ, ನೂರು ವರ್ಷದ ಹಿಂದಿನವನಿರ್ಬಹುದು, ಇನ್ನೂರು ಇರ್ಬಹುದು ಅಂದ್ಕೊಂಡೆ. ಯಾರದೋ ಮನೆ ಹುಡುಗ ಅಂದ್ಕೊಂಡೆ. ಮುಂದಿನ ಹಲ್ಲಿನ ಕಚ್ಚು ಕಣ್ಣೆದುರೇ ಇತ್ತು. ನೋಡಿಯೂ ನೋಡದವನ ಹಾಗೆ ತೊಳೀತಾ ಹೋದೆ. ನಮ್ಮ ಅಳಿಲಿನ ಹಲ್ಲು ಅಂತ ನನ್ನ ಕೈಗೆ ಗೊತ್ತಾಗಿತ್ತು, ತಲೆಗೆ ಹೋಗೋಕೆ ಬಿಡ್ಲಿಲ್ಲ ನಾನು. ಎಲ್ಲಿ ಗೋಡೆ ಕಂಡ್ರೂ ಹತ್ತುತ್ತಾನೆ ಅಂತ ಅಳಿಲು ಅಂತ ಹೆಸರಿಟ್ಟದ್ದು ನಾನೇ ಅಲ್ವಾ.

ಆ ಗವಿಗೆ ಮೇಲೆ ಒಂದು ಬಿರುಕಿದೆ ಅಕ್ಕ. ಗುಡ್ಡದ ನೆತ್ತಿ ಮೇಲೆ, ಪೊದೆ ಮುಚ್ಚಿರೋದು. ಅವನು ಕಾಣೆಯಾದಾಗ ನಾವೆಲ್ಲಾ ಹುಡುಕಿದ್ವಲ್ಲ, ಅದರ ಪಕ್ಕದಲ್ಲೇ ನಿಂತು ಕೂಗಿದ್ವಿ. ನೀನು ಇಸ್ತ್ರಿ ಪೆಟ್ಟಿಗೆ ವಿಷಯಕ್ಕೆ ಬೈದಿದ್ದೆ. ಗಿರಾಕಿಯ ಹೊಸ ಕೋಟು ಸುಟ್ಟಿದ್ದ. ‘ಕಣ್ಣೆದುರು ನಿಲ್ಬೇಡ ಹೋಗು’ ಅಂದಿದ್ದೆ. ಕೋಪ ಬಂದ್ರೆ ಅವನು ಬಂಡೆ ಹತ್ತಿ ಕೂರೋನು, ನಿಮ್ಮ ಅಂಗಡಿ ಕಿಟಕಿಯಿಂದ ಕಾಣೋ ಗುಡ್ಡ ಅದು. ಅಲ್ಲಿ ಕಾಲು ಜಾರಿದೆ. ಬಿರುಕಿನಿಂದ ಒಳಗೆ… ಆಮೇಲೆ ಮಳೆ ನೀರು, ಕೆಸರು, ವರ್ಷ ವರ್ಷ ಮೇಲಿಂದ ಇಳಿದು, ಮಣ್ಣು ಸಡಿಲ ಇದ್ದ ಕಡೆ ಅವನನ್ನ ಕೆಳಗೆ ಕೆಳಗೆ ತಳ್ಳಿ, ಅಜ್ಜಿ ಹತ್ರ ತಂದು ನಿಲ್ಸಿದೆ.

ತಲೆಬುರುಡೆ ಹಿಂದುಗಡೆ ಒಡೆದಿದೆ. ಒಡೆದ ಅಂಚು ಹಾಗೇ ಹರಿತವಾಗಿದೆ. ಒಂದೆರಡು ವಾರ ಬದುಕಿದ್ರೂ ಅಂಚು ಮೆತ್ತಗಾಗೋಕೆ ಶುರುವಾಗುತ್ತೆ. ಆಗಿಲ್ಲ. ಅಂಥಾ ಪೆಟ್ಟಿಗೆ ನರಳೋಕೂ ಪುರುಸೊತ್ತಿರಲ್ಲ, ಹೋಗಿಬಿಡ್ತಾರೆ. ಕೂಗಿಲ್ಲ ಅಕ್ಕ ಅವನು. ನಾವು ಕೇಳಿಸ್ಕೊಳ್ಳದೇ ಹೋದ್ವಿ ಅಂತ ಅಂದ್ಕೋಬೇಡ… ಹಾಗೆ ನೋಡ್ಬೇಡ ಮಾರಾಯ್ತಿ! ಇಷ್ಟು ಹೊತ್ತು ಸುಳ್ಳು ಹೇಳಿದೆ, ಒಪ್ತೀನಿ. ಇದು ಸುಳ್ಳಲ್ಲ. ಈ ಒಂದು ವಿಷಯದಲ್ಲಿ ನನ್ನ ವಿದ್ಯೆ ನಂಬು.

ನಿನಗೆ ಯಾಕೆ ಹೇಳ್ಲಿಲ್ಲ ಅಂದ್ರೆ… ಕೋಪ ಮಾಡ್ಕೊಂಡು ಹೋದವನು ಎಲ್ಲೋ ಇರ್ತಾನೆ. ಯಾವುದೋ ಊರಲ್ಲಿ, ಯಾವುದೋ ಅಂಗಡೀಲಿ ಹೊಲೀತಾ, ಅಮ್ಮನ ಮೇಲೆ ಹಲ್ಲು ಕಡೀತಾ ಬದುಕಿರ್ತಾನೆ. ನೀನು ಅಷ್ಟು ವರ್ಷ ಅವನ ಕೋಪಾನ ಸಾಕಿದ್ದೀಯ ಅಕ್ಕ. ಕೋಪ ಇಳೀದೇ ಇರಲಿ, ಜೀವ ಒಂದಿದ್ರೆ ಸಾಕು ಅಂತ. ಅದನ್ನ ನಿನ್ನಿಂದ ಹೇಗೆ ಕಿತ್ಕೊಳ್ಳಲಿ ನಾನು? ಒಂದು ದಿನ ತಡೀಲಿ, ಇನ್ನೊಂದು ದಿನ ತಡೀಲಿ… ಮೇಷ್ಟ್ರಿಗೆ ಹಸಿ ಇದೆ ಅಂದೆ. ನಿನಗೂ ಹಸಿ ಇದೆ ಅಂದೆ. ನಾಳೆ ಪೊಲೀಸಿಗೆ ಹೇಳ್ಬೇಕು. ಹೇಳ್ತೀನಿ, ನಾನೇ ಹೋಗ್ತೀನಿ.

ಕೈ ಯಾಕೆ ಚಾಚಿದೆ?

ಏನಿಲ್ಲ ಅಕ್ಕ, ಹೇಳಿದ್ನಲ್ಲ, ಪೆನ್ನು… 

ಪೆನ್ನಲ್ಲ. ಸರಿ. ನಾನು ಮೂಳೆ ನೋಡಿ ಕಥೆ ಹೇಳ್ತೀನಿ ಅಂತ ಬೀಗ್ತೀನಿ, ನೀನು ನನ್ನ ಕೈ ಎಷ್ಟು ಸಲ ಜೇಬಿಗೆ ಹೋಯ್ತು ಅಂತ ನೋಡ್ತಾ ಕೂತಿದ್ದೆ. ತಗೋ.

ಸೊಂಟದ ಹತ್ರದ ಮಣ್ಣನ್ನ ಹೆಂಟೆಯಾಗಿ ಹಾಗೇ ಎತ್ತಿ ತಂದಿದ್ವಿ, ಇಲ್ಲಿ ಬಿಡಿಸೋಣ ಅಂತ. ನಿನ್ನೆ ಬಿಡಿಸ್ದೆ. ಬಟ್ಟೆ ಅಂತ ಏನೂ ಇರ್ಲಿಲ್ಲ. ಹತ್ತಿ ಬಟ್ಟೆ, ನೀನೇ ಹೊಲಿದದ್ದು, ಮಣ್ಣಾಗಿ ಹೋಗಿತ್ತು. ಹೊಲಿಗೆ ಮಾತ್ರ ಉಳಿದಿತ್ತು ಅಕ್ಕ. ಬಟ್ಟೆ ಇಲ್ಲ, ಬರೀ ಹೊಲಿಗೆ. ದಾರ ನೈಲಾನು, ಕೊಳೆಯಲ್ಲ. ಮಣ್ಣಿನೊಳಗೆ ನಿನ್ನ ಸಣ್ಣ ಸಣ್ಣ ಹೊಲಿಗೆ ಜೇಬಿನ ಆಕಾರಕ್ಕೆ ಸುತ್ತು ಹಾಕಿ ನಿಂತಿತ್ತು. ಆ ಸುತ್ತಿನೊಳಗೆ ಇದಿತ್ತು.

ಹೂಂ. ನಿಮ್ಮ ಬಾಗಿಲಿನ ಕೀನೇ. ತುಕ್ಕು ಹಿಡಿದಿದೆ. ಕಳ್ಕೋತಾನೆ ಅಂತ ನೀನು ಕೀಗೆ ಕೋಟಿನ ಗುಂಡಿ ಕಟ್ಟಿಕೊಟ್ಟಿದ್ದೆಯಲ್ಲ, ದೊಡ್ಡ ಕಪ್ಪು ಗುಂಡಿ? ನೋಡು, ಹಾಗೇ ಇದೆ. ಗಂಟು ನಿಂದು. ದಾರ ಎರಡೆಳೆ ಮಾಡಿ, ಸುತ್ತಿ ಕಚ್ಚಿ ಬಿಗಿ ಮಾಡೋದು ಈ ಊರಲ್ಲಿ ನೀನೊಬ್ಬಳೇ. ನಾನು ಭೂತಗನ್ನಡಿ ಇಟ್ಟು ನೋಡ್ದೆ. ಇಷ್ಟು ವರ್ಷ ಕೆಸರಲ್ಲಿದ್ದೂ ಒಂದೆಳೆ ಸಡಿಲ ಆಗಿಲ್ಲ.

ಕೀ ತಗೊಂಡು ಹೋಗಿದ್ದ ಅಕ್ಕ. ಮನೆ ಬಿಟ್ಟು ಹೋಗೋನು ಮನೆ ಕೀ ತಗೊಂಡು ಹೋಗ್ತಾನಾ? ಮೇಜಿನ ಮೇಲೆ ಎಸೆದು ಹೋಗ್ತಾನೆ. ಇವನು ಜೇಬಿಗೆ ಹಾಕ್ಕೊಂಡಿದ್ದ. ಕತ್ತಲಾಗೋ ಹೊತ್ತಿಗೆ ವಾಪಸ್ ಬರೋ ಲೆಕ್ಕವೇ ಇತ್ತು ಅವನಿಗೆ. ಸಿಟ್ಟು ಆ ಸಾಯಂಕಾಲದ್ದು ಅಷ್ಟೇ. ಬಂಡೆ ಮೇಲೆ ಕೂತಾಗ್ಲೇ ಇಳಿದಿರ್ಬಹುದು, ಅದು ನನಗೆ ಗೊತ್ತಿಲ್ಲ, ಅದಕ್ಕೆ ಮೂಳೇಲಿ ಗುರುತಿರಲ್ಲ. ಆದ್ರೆ ನಿನ್ನ ಬಿಟ್ಟು ಹೋಗಿರ್ಲಿಲ್ಲ ಅನ್ನೋದು ಇದರಲ್ಲಿ ಬರೆದ ಹಾಗಿದೆ.

…ಅಕ್ಕ. ಅಕ್ಕ, ಮೆಲ್ಲಗೆ. ಗೋಡೆ ಹಿಡ್ಕೋ. ಯಾರೂ ಬರಲ್ಲ, ಬಾಗಿಲು ಹಾಕಿದ್ದೀನಿ. ಅಳು… ಅಳು. ನಾನೂ ನಿನ್ನೆಯಿಂದ ಒಬ್ಬನೇ…

ಎಲ್ಲಿಗೆ ಏಳ್ತಿದ್ದೀಯ? ಅಜ್ಜಿ ಹತ್ರಾನಾ?

ಹೂಂ. ಆ ಕೈನೇ. ಅದೇ ಚಾಚಿದ್ದ ಕೈ. ಅವನ ತಲೆ ಇಲ್ಲಿತ್ತು, ಮೊಣಕೈ ಮಡಚೋ ಜಾಗದಲ್ಲಿ. ತಾಯಿ ಮಗ ಅಂತ ನಾನು ಅಂದದ್ದು ಪೂರ್ತಿ ಸುಳ್ಳಾಗ್ಲಿಲ್ಲವೇನೋ. ಅವಳೂ ಯಾರನ್ನೋ ಹೆತ್ತಿರ್ತಾಳೆ, ಅವಳಿಗೂ ಯಾರೋ ಅಗಿದು ತಿನ್ನಿಸಿರ್ತಾರೆ. ನಿನ್ನ ಮಗ ಬಿದ್ದಲ್ಲಿ ಒಬ್ಬನೇ ಇರ್ಲಿಲ್ಲ ಅಕ್ಕ, ನೀನು ಮನೇಲಿ ಲೈಟ್ ಆರಿಸದೇ ಕಾಯ್ತಿದ್ದಷ್ಟು ದಿನವೂ ಅವಳ ತೋಳಲ್ಲಿದ್ದ.

ಏನು… ಆ ಬಟ್ಟೆ ತೆಗೀಲಾ?

ತೆಗೀತೀನಿ. ಇಗೋ.

ಯಾಕೆ ಕೈ ಅಷ್ಟಕ್ಕೇ ನಿಲ್ಸಿದೆ? ನನ್ನ ಮುಖ ಯಾಕೆ ನೋಡ್ತೀಯ?

ಮುಟ್ಟಕ್ಕ. ಮುಟ್ಟು. ಹಸಿ ಇಲ್ಲ. ಮೊದಲಿಂದ್ಲೂ ಹಸಿ ಇರ್ಲಿಲ್ಲ.